ಮೊದಲ ವೆಬ್ ಪುಟ: ಕೈಯಾರೆ ಬರೆಯಬೇಕಾ, ಸಿದ್ಧ ಸಾಧನ ಸಾಕಾ?

ಕಳೆದ ಬೇಸಿಗೆಯಲ್ಲಿ ಶಿರಸಿಯ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಜಗಲಿಯ ತುಂಬ ಅಪ್ಪೆಮಿಡಿ ಹರಡಿತ್ತು. ಚಿಕ್ಕಮ್ಮ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಬೆಂಗಳೂರು, ಪುಣೆಯಿಂದಲೂ ಫೋನ್ ಬರುತ್ತದೆ. "ನಂಗೊಂದು ವೆಬ್‌ಸೈಟ್ ಬೇಕು, ಹೇಗೆ ಮಾಡೋದು?" ಎಂದು ಕೇಳಿದರು. ಪಕ್ಕದಲ್ಲೇ ಅವರ ಮಗ ಕೂತಿದ್ದ. ಎಸ್ಎಸ್ಎಲ್‌ಸಿ ಮುಗಿಸಿ ರಜೆಯಲ್ಲಿದ್ದವನು. "ನಾನು ವೆಬ್‌ಸೈಟ್ ಮಾಡೋದು ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?" ಎಂದ.

ಎರಡೂ ಪ್ರಶ್ನೆ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಆದರೆ ಚಿಕ್ಕಮ್ಮನಿಗೆ ಬೇಕಿದ್ದದ್ದು ಪುಟ. ಹುಡುಗನಿಗೆ ಬೇಕಿದ್ದದ್ದು ವಿದ್ಯೆ. ಇವೆರಡನ್ನು ಮೊದಲೇ ಬೇರೆ ಮಾಡಿಕೊಳ್ಳದೆ ಹೊರಟವರು ದಾರಿಯಲ್ಲೇ ಸುಸ್ತಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಗಡಿ ನಡೆಸುವವರು ಮೂರು ತಿಂಗಳು ಕೋಡಿಂಗ್ ವಿಡಿಯೊ ನೋಡುತ್ತಾರೆ, ಕೊನೆಗೂ ಅಂಗಡಿಗೊಂದು ಪುಟ ಆಗಿರುವುದಿಲ್ಲ. ಓದುವ ಮಕ್ಕಳು ಸಿದ್ಧ ಸಾಧನದಲ್ಲಿ ಚೌಕಗಳನ್ನು ಎಳೆದು ಜೋಡಿಸಿ ಹತ್ತು ಪುಟ ಮಾಡುತ್ತಾರೆ, ಒಳಗೆ ಏನಿದೆ ಎಂಬುದು ಒಂದು ಸಾಲೂ ತಿಳಿದಿರುವುದಿಲ್ಲ. ಹಾಗಾಗಿ ಈ ಹೋಲಿಕೆ ಓದುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ಬೇಕಿರುವುದು ಪುಟವಾ, ವಿದ್ಯೆಯಾ?

ಒಳಗೆ ನಡೆಯುವುದು ಏನು

ಯಾವ ದಾರಿ ಹಿಡಿದರೂ ಒಳಗಿನ ಕೆಲಸ ಒಂದೇ. ಅದನ್ನು ಒಮ್ಮೆ ನೋಡಿಬಿಟ್ಟರೆ ಆಯ್ಕೆ ಸುಲಭ.

ನೀವು ಫೋನಿನಲ್ಲಿ ಒಂದು ವೆಬ್ ವಿಳಾಸ ಬರೆಯುತ್ತೀರಿ. ಆ ಹೆಸರು ಇದ್ದರೆ ಫೋನಿಗೆ ಸಾಲದು. ಅದಕ್ಕೆ ಅಂಕಿಗಳ ವಿಳಾಸ ಬೇಕು, ಅದೇ ಐಪಿ ವಿಳಾಸ. ಹೆಸರು ಕೊಟ್ಟರೆ ಅಂಕಿ ಹೇಳುವ ವ್ಯವಸ್ಥೆಗೆ ಡಿಎನ್ಎಸ್ ಎನ್ನುತ್ತಾರೆ. ಅಂಕಿ ಸಿಕ್ಕ ಮೇಲೆ ಬ್ರೌಸರ್ ಆ ವಿಳಾಸದ ಕಂಪ್ಯೂಟರಿಗೆ "ಈ ಪುಟ ಕೊಡು" ಎಂದು ಕೇಳುತ್ತದೆ. ಆ ಕಂಪ್ಯೂಟರೇ ಸರ್ವರ್. ಹಗಲೂ ರಾತ್ರಿ ಆನ್ ಇದ್ದು, ಕೇಳಿದವರಿಗೆ ಫೈಲ್ ಕೊಡುವುದು ಅದರ ಕೆಲಸ. ಫೈಲ್ ಸಿಕ್ಕರೆ 200 ಎಂಬ ಸಂಖ್ಯೆಯ ಜೊತೆ ಕಳಿಸುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಿಗದಿದ್ದರೆ 404. ಅದನ್ನು ಮಾತ್ರ ನಾವೆಲ್ಲ ನೋಡಿದ್ದೇವೆ.

ಹಾಗೆ ಬಂದು ತಲುಪುವುದು ಪುಟದ ಚಿತ್ರವಲ್ಲ, ಬರಹ. ಆ ಬರಹವನ್ನು ಓದಿ, ಪುಟವನ್ನು ಅಲ್ಲೇ ಅಣಿ ಮಾಡುವುದು ನಿಮ್ಮ ಫೋನಿನ ಬ್ರೌಸರ್. ಅದಕ್ಕೇ ಒಂದೇ ಪುಟ ಫೋನಿನಲ್ಲಿ ಒಂದು ಥರ, ಕಂಪ್ಯೂಟರಿನಲ್ಲಿ ಇನ್ನೊಂದು ಥರ ಕಾಣುತ್ತದೆ.

ಹುಡುಗನಿಗೆ ನಾನು ಮದುವೆ ಊಟದ ಲೆಕ್ಕದಲ್ಲಿ ಹೇಳಿದೆ. ಇದು ಕೋಸಂಬರಿ, ಇದು ಪಲ್ಯ, ಇದು ಅನ್ನ, ಇದು ಪಾಯಸ. ಯಾವುದು ಏನು ಎಂದು ಹೇಳುವುದು ಎಚ್‌ಟಿಎಂಎಲ್. ಪುಟದಲ್ಲೂ ಎಚ್‌ಟಿಎಂಎಲ್ ಹಾಗೇ, ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ, ಇದು ಚಿತ್ರ ಎಂದು ಗುರುತು ಹಾಕುತ್ತದೆ. ಆ ಗುರುತಿಗೆ ಟ್ಯಾಗ್ ಎನ್ನುತ್ತಾರೆ. ಎಲೆಯ ತುದಿ ಎಡಕ್ಕಿರಲಿ, ಉಪ್ಪು ಮೂಲೆಯಲ್ಲಿರಲಿ, ಅನ್ನ ನಡುವೆ ಬರಲಿ ಎಂದು ಬಡಿಸುವ ಕ್ರಮ ಹೇಳುವುದು ಸಿಎಸ್ಎಸ್. ಪುಟದ ಬಣ್ಣ, ಅಂತರ, ಅಕ್ಷರದ ಗಾತ್ರ ಎಲ್ಲ ಅದರದ್ದು. ಇನ್ನು "ಇಲ್ಲಿ ಸ್ವಲ್ಪ ಸಾರು" ಎಂದು ಕೂಗಿದರೆ ಓಡಿ ಬರುವವರು ಇರುತ್ತಾರಲ್ಲ, ಅದು ಜಾವಾಸ್ಕ್ರಿಪ್ಟ್. ಗುಂಡಿ ಒತ್ತಿದರೆ ಏನಾದರೂ ಆಗುವುದು ಅದರಿಂದ. ಬಡಿಸುವವರು ಇಲ್ಲದಿದ್ದರೂ ಎಲೆಯಲ್ಲಿ ಇರುವುದನ್ನು ಊಟ ಮಾಡಬಹುದು. ಊಟವೇ ಇಲ್ಲದಿದ್ದರೆ ಬಡಿಸುವವರಿಂದ ಏನೂ ಆಗದು. ಕಲಿಯುವ ಕ್ರಮವೂ ಅದೇ.

ವೆಬ್ ಹುಟ್ಟಿದ್ದೂ ಅದೇ ಕ್ರಮದಲ್ಲಿ. ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಯೋಚನೆ ಮುಂದಿಟ್ಟರು. 1991ರಲ್ಲಿ ಅವರು ಬರೆದಿಟ್ಟ ಎಚ್‌ಟಿಎಂಎಲ್ ವಿವರಣೆಯಲ್ಲಿ ಇದ್ದದ್ದು 18 ಟ್ಯಾಗ್ ಮಾತ್ರ. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಬಿಟ್ಟುಕೊಟ್ಟಿತು. ಸಿಎಸ್ಎಸ್‌ನ ಯೋಚನೆ ಬಂದದ್ದು 1994ರಲ್ಲಿ. ಜಾವಾಸ್ಕ್ರಿಪ್ಟನ್ನು 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಮೊದಲ ರೂಪಕ್ಕೆ ತಂದರು.

ಆ 18ರ ಮಾತು ನಾನು ಬೇಕೆಂದೇ ಹೇಳಿದೆ. ಈಗ ಎಚ್‌ಟಿಎಂಎಲ್‌ನಲ್ಲಿ ನೂರಕ್ಕೂ ಜಾಸ್ತಿ ಟ್ಯಾಗ್‌ಗಳಿವೆ. ಆದರೆ ಒಂದು ಒಳ್ಳೆಯ ಪುಟಕ್ಕೆ ಇವತ್ತೂ ಹದಿನೈದು ಇಪ್ಪತ್ತು ಸಾಕು. "ನಾನು ಕನ್ನಡ ಮಾಧ್ಯಮ, ಇಂಗ್ಲಿಷ್ ಬರಲ್ಲ, ಕೋಡಿಂಗ್ ಆಗುತ್ತಾ" ಎಂದು ಕೇಳುವ ಮಕ್ಕಳಿಗೆ ಇದನ್ನೇ ಹೇಳುತ್ತೇನೆ. ಪ್ಯಾರಾಗೆ ಪಿ, ಕೊಂಡಿಗೆ ಎ, ದೊಡ್ಡ ತಲೆಬರಹಕ್ಕೆ ಎಚ್1, ಪಟ್ಟಿಯ ಒಂದು ಸಾಲಿಗೆ ಎಲ್ಐ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ನಿಜ. ಆದರೆ ಇದು ಭಾಷೆಯ ಪರೀಕ್ಷೆ ಅಲ್ಲ. ಇಪ್ಪತ್ತು ಗುರುತುಗಳ ಪರಿಚಯ ಅಷ್ಟೇ.

ಕೈಯಾರೆ ಬರೆಯುವ ದಾರಿ

ವಿದ್ಯೆ ಬೇಕು ಎನ್ನುವವರಿಗೆ ನನ್ನ ಉತ್ತರ ಒಂದೇ, ಅದರಲ್ಲಿ ನನಗೆ ಅನುಮಾನವೂ ಇಲ್ಲ. ಮೊದಲ ಪುಟವನ್ನು ಕೈಯಾರೆ ಬರೆಯಿರಿ.

ಇದಕ್ಕೆ ಹೊಸ ಲ್ಯಾಪ್‌ಟಾಪ್ ಬೇಡ. ಮೂಲೆಯಲ್ಲಿ ಬಿದ್ದಿರುವ ಹಳೆಯದೂ ಆದೀತು. ವಿಂಡೋಸ್ ಜೊತೆ ಬರುವ ನೋಟ್‌ಪ್ಯಾಡ್ ಸಾಕು. ಸ್ವಲ್ಪ ಕೈ ಕೂತ ಮೇಲೆ ವಿಎಸ್ ಕೋಡ್ ಹಾಕಿಕೊಳ್ಳಿ, ಅದೂ ಉಚಿತ. ಫೈಲಿಗೆ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ (index.html) ಎಂದು ಹೆಸರಿಟ್ಟು ಉಳಿಸಿ, ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆಯುತ್ತದೆ. ಇಂಟರ್‌ನೆಟ್ ಕೂಡ ಬೇಕಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ನೆಟ್‌ವರ್ಕ್ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಇದು ಸಣ್ಣ ಮಾತಲ್ಲ.

ಬರೀ ಫೋನ್ ಇದ್ದರೆ? ಆಗುತ್ತದೆ. ಕೋಡ್ ಬರೆಯುವ ಆ್ಯಪ್‌ಗಳಿವೆ. ನಿಯೋಸಿಟೀಸ್‌ನಂಥ ತಾಣದಲ್ಲಿ ಬ್ರೌಸರಿನ ಒಳಗೇ ಬರೆಯಬಹುದು. ಆದರೆ ಫೋನಿನ ಕೀಬೋರ್ಡಿನಲ್ಲಿ, ಪ್ರತಿ ಟ್ಯಾಗಿಗೂ ಬೇಕಾದ ಕೋನದ ಆವರಣ (< >) ಹುಡುಕಿ ಹುಡುಕಿ ಒತ್ತುವುದು ಬೇಸರ ತರಿಸುತ್ತದೆ. ಆ ಬೇಸರವನ್ನು ಮಕ್ಕಳು "ಕೋಡಿಂಗೇ ಕಷ್ಟ" ಎಂದು ತಿಳಿಯುತ್ತಾರೆ. ಶಾಲೆಯ ಲ್ಯಾಬೋ, ನೆಂಟರ ಹಳೆ ಯಂತ್ರವೋ, ವಾರಕ್ಕೆ ಎರಡು ಗಂಟೆ ಸಿಕ್ಕರೂ ಅದನ್ನೇ ಹಿಡಿಯಿರಿ.

ಕನ್ನಡದಲ್ಲಿ ಪುಟ ಮಾಡುವವರು ಕೆಲವು ವಿಷಯ ಮೊದಲ ದಿನವೇ ತಿಳಿದುಕೊಳ್ಳಬೇಕು. ಇಂಗ್ಲಿಷ್ ಪಾಠಗಳು ಇವನ್ನು ಹೇಳುವುದು ಕಡಿಮೆ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪುಟದ ತಲೆಭಾಗದಲ್ಲಿ ಅಕ್ಷರ ಸಂಕೇತ ಯುಟಿಎಫ್-8 ಎಂದು ಹೇಳುವ ಒಂದು ಸಾಲು ಇರಬೇಕು. ಅದು ಇಲ್ಲದಿದ್ದರೆ "ಉಪ್ಪಿನಕಾಯಿ" ಇದ್ದ ಜಾಗದಲ್ಲಿ ವಿಚಿತ್ರ ಗುರುತುಗಳ ಸಾಲು ಕಾಣಬಹುದು. ಭಾಷೆ ಕನ್ನಡ ಎಂದು ಹೇಳುವ ಕೆಎನ್ ಗುರುತನ್ನೂ ಹಾಕಿ. ಪುಟವನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೆ ಅದರಿಂದ ಸರಿಯಾದ ದನಿ ಸಿಗುತ್ತದೆ.

ಬರೆಯುವುದು ಯೂನಿಕೋಡ್‌ನಲ್ಲೇ ಆಗಬೇಕು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಕ್ರಮ ಅದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ನಮ್ಮಲ್ಲಿ ರಾಶಿ ರಾಶಿ ಇದೆ. ಅದು ನೋಡಲು ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಆಗಿ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಳೆಯ ಬರಹವನ್ನು ಯೂನಿಕೋಡ್‌ಗೆ ಬದಲಾಯಿಸುವ ಸಾಧನಗಳಿವೆ. ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾರೆ ಓದಿ, ಅರ್ಕಾವತ್ತು ಆಗಾಗ ಎಡವಟ್ಟಾಗುತ್ತದೆ.

ಸಾಲುಗಳ ನಡುವೆ ಜಾಗ ಜಾಸ್ತಿ ಕೊಡಿ. ಇಂಗ್ಲಿಷ್‌ಗೆ ಸರಿಹೋಗುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅಕ್ಷರದ ಗಾತ್ರದ 1.6 ಅಥವಾ 1.7 ಪಟ್ಟು ಇಟ್ಟರೆ ಕಣ್ಣಿಗೆ ಹಿತ. ಎರಡೂ ಅಂಚು ಸಮ ಮಾಡುವ ಆಸೆ ಬೇಡ. ಕನ್ನಡದ ಪದಗಳು ಉದ್ದ. ಫೋನಿನ ಚಿಕ್ಕ ಪರದೆಯಲ್ಲಿ ಹಾಗೆ ಮಾಡಿದರೆ ಪದಗಳ ನಡುವೆ ಕಿಟಕಿಗಳಂತೆ ಖಾಲಿ ಜಾಗ ಬಿಡುತ್ತದೆ. ಹಾಗೆಯೇ ವ್ಯೂಪೋರ್ಟ್ ಎಂಬ ಒಂದು ಸಾಲನ್ನೂ ತಲೆಭಾಗದಲ್ಲಿ ಸೇರಿಸಿ. ಅದು ಇಲ್ಲದಿದ್ದರೆ ಫೋನು ನಿಮ್ಮ ಪುಟವನ್ನು ದೊಡ್ಡ ಪರದೆಯದೆಂದು ತಿಳಿದು ಕುಗ್ಗಿಸುತ್ತದೆ, ಅಕ್ಷರಗಳು ಇರುವೆಯಂತೆ ಕಾಣುತ್ತವೆ.

ಕನ್ನಡ ಬರಹ ತೂಕ ಜಾಸ್ತಿ, ಪುಟ ನಿಧಾನ ಆಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಲೆಕ್ಕ ಮಾಡಿ ನೋಡಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. "ಅಮ್ಮ" ಎಂದರೆ ಅ, ಮ, ವಿರಾಮ (ಒತ್ತಕ್ಷರ ಮೂಡಿಸುವ ಗುರುತು), ಮತ್ತೊಂದು ಮ, ಒಟ್ಟು 12 ಬೈಟ್. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 4. ಮೂರು ಪಟ್ಟು ಹೌದು. ಆದರೆ ಎರಡು ಪುಟದ ಕನ್ನಡ ಲೇಖನ ಕೆಲವೇ ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಹಲವು ಮೆಗಾಬೈಟ್. ಅಳುಕಬೇಕಾದದ್ದು ಫೋಟೊಗೆ. ಅದರ ಅಗಲವನ್ನು 1200 ಪಿಕ್ಸೆಲ್ ಒಳಗೆ ಇಳಿಸಿ ಹಾಕಿದರೆ ಪುಟ ಹಗುರಾಗುತ್ತದೆ.

ಇನ್ನೊಂದು ವಿಷಯ ಹುಡುಗನಿಗೆ ಒಂದಿಡೀ ಸಂಜೆ ತಿಂದಿತು. ಮನೆಯ ಕಂಪ್ಯೂಟರಿನಲ್ಲಿ ಪುಟ ಸರಿಯಾಗಿತ್ತು. ಮೇಲೇರಿಸಿದ ಮೇಲೆ ಫೋಟೊ ಕಾಣಲಿಲ್ಲ. ಪುಟದಲ್ಲಿ ಅವನು ಫೈಲಿನ ಹೆಸರನ್ನು ಚಿಕ್ಕಕ್ಷರದಲ್ಲಿ ಬರೆದಿದ್ದ, ಫೋಟೊ ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದು ದೊಡ್ಡಕ್ಷರದಲ್ಲಿತ್ತು. ವಿಂಡೋಸ್ ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ಸರ್ವರ್‌ಗಳಲ್ಲಿ ಹೆಚ್ಚಾಗಿ ಇರುವ ಲಿನಕ್ಸ್ ಹಾಗಲ್ಲ, ಅದಕ್ಕೆ ಇವು ಬೇರೆ ಬೇರೆ ಫೈಲ್. ಎಲ್ಲ ಹೆಸರೂ ಚಿಕ್ಕಕ್ಷರದಲ್ಲಿರಲಿ, ನಡುವೆ ಜಾಗ ಬೇಡ. ಈ ಒಂದು ತಪ್ಪಿನಿಂದ ಅವನಿಗೆ 404 ಎಂದರೇನು, ಸರ್ವರ್ ಎಂದರೇನು ಎರಡೂ ಗೊತ್ತಾಯಿತು. ಕೈಯಾರೆ ಬರೆಯುವ ದಾರಿಯನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಇಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಬಹುದು, ಸಿಗುತ್ತದೆ, ತಿದ್ದಬಹುದು.

ಬರೆದದ್ದನ್ನು ಎಲ್ಲಿಡುವುದು? ಗಿಟ್‌ಹಬ್ ಪೇಜಸ್ ಮತ್ತು ನಿಯೋಸಿಟೀಸ್ ಎರಡೂ ಉಚಿತ, ಎರಡರಲ್ಲೂ 1 ಜಿಬಿ ತನಕ ಇಡಬಹುದು. ಕಲಿಯುವವರಿಗೆ ಅದು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಮೊದಲ ವಾರಕ್ಕೆ ನಿಯೋಸಿಟೀಸ್ ಸುಲಭ, ಫೈಲ್ ಎಳೆದು ಹಾಕಿದರೆ ಮುಗಿಯಿತು. ಗಿಟ್‌ಹಬ್‌ನಲ್ಲಿ ಕಲಿಯಬೇಕಾದ್ದು ಸ್ವಲ್ಪ ಜಾಸ್ತಿ. ಆದರೆ ಮುಂದೆ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ ಗಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಹೇಗಿದ್ದರೂ ಕಲಿಯಬೇಕು, ಇಲ್ಲೇ ಶುರುವಾಗಲಿ. ಒಂದು ಎಚ್ಚರಿಕೆ: ಗಿಟ್‌ಹಬ್ ಪೇಜಸನ್ನು ಆನ್‌ಲೈನ್ ವ್ಯಾಪಾರ ನಡೆಸಲು ಬಳಸುವಂತಿಲ್ಲ ಎಂದು ಅವರ ನಿಯಮವೇ ಹೇಳುತ್ತದೆ. ಚಿಕ್ಕಮ್ಮನ ಉಪ್ಪಿನಕಾಯಿಗೆ ಅದು ಜಾಗವಲ್ಲ.

ಸಿದ್ಧ ಸಾಧನಗಳು

ಗೂಗಲ್ ಸೈಟ್ಸ್, ವಿಕ್ಸ್ ಈ ಗುಂಪಿನವು. ಚೌಕ ಎಳೆದು ಬಿಡುತ್ತೀರಿ, ಫೋಟೊ ಹಾಕುತ್ತೀರಿ, ಬರೆಯುತ್ತೀರಿ, ಒಂದು ಮಧ್ಯಾಹ್ನದಲ್ಲಿ ಪುಟ ತಯಾರು. ಕೋಡ್ ಮುಟ್ಟಬೇಕಿಲ್ಲ. ಸುರಕ್ಷತೆ, ಸರ್ವರ್, ಎಲ್ಲ ಅವರ ಹೊಣೆ. ವ್ಯಾಪಾರದ ಗಡಿಬಿಡಿಯಲ್ಲಿ ಇರುವವರಿಗೆ ಇದು ದೊಡ್ಡ ಉಪಕಾರ. ಕೋಡ್ ಗೊತ್ತಿರುವವರು ಇದನ್ನು ಕೀಳಾಗಿ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಗೂಗಲ್ ಸೈಟ್ಸ್‌ಗೆ ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಬರುವುದಿಲ್ಲ. ನಿಮ್ಮದೇ ಡೊಮೇನ್ ಹೆಸರನ್ನೂ, ಅಂದರೆ ನೀವೇ ನೋಂದಾಯಿಸಿಕೊಂಡ ವೆಬ್ ವಿಳಾಸವನ್ನೂ, ಜೋಡಿಸಬಹುದು. ಅಂದ ಚೆಂದಕ್ಕೆ ಅವಕಾಶ ಕಡಿಮೆ, ಹಣ ಪಡೆದು ಮಾರುವ ಅಂಗಡಿಯ ವ್ಯವಸ್ಥೆ ಅದರಲ್ಲಿಲ್ಲ. ವಿಕ್ಸ್‌ನಲ್ಲಿ ಚೆಂದದ ಮಾದರಿಗಳು ಜಾಸ್ತಿ. ಆದರೆ ಉಚಿತವಾಗಿ ಬಳಸಿದರೆ ಪುಟದ ಮೇಲೆ ಅವರ ಜಾಹೀರಾತು ಇರುತ್ತದೆ, ಸ್ವಂತ ಹೆಸರು ಜೋಡಿಸಲು ಹಣ ಕೊಡಬೇಕು.

ಇವುಗಳನ್ನು ಹೋಲಿಸುವಾಗ ಜನ ಬೆಲೆ ನೋಡುತ್ತಾರೆ, ಮಾದರಿ ನೋಡುತ್ತಾರೆ. ನಾನು ಮೊದಲು ನೋಡುವುದು ಹೊರಗೆ ಬರುವ ಬಾಗಿಲು. ನಾಳೆ ಬೇಡವೆನಿಸಿದರೆ ನನ್ನ ಪುಟವನ್ನು ಎತ್ತಿಕೊಂಡು ಹೋಗಬಹುದಾ? ವಿಕ್ಸ್‌ನಲ್ಲಿ ಮಾಡಿದ ತಾಣವನ್ನು ಹಾಗೇ ಎತ್ತಿ ಬೇರೆ ಸರ್ವರಿನಲ್ಲಿ ಇಡಲು ಬರುವುದಿಲ್ಲ. ಬೇರೆ ಕಡೆ ಹೋದರೆ ಹೊಸದಾಗಿ ಕಟ್ಟಬೇಕು. ಇದು ಸುಮ್ನೆ ಹೆದರಿಕೆಯ ಮಾತಲ್ಲ. ಒಂದು ಕಾಲದಲ್ಲಿ ಲಕ್ಷಾಂತರ ಜನ ತಮ್ಮ ಪುಟ ಇಟ್ಟಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿತು. ತೀರ ಹತ್ತಿರದ ಉದಾಹರಣೆಯೂ ಇದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಸಣ್ಣ ಅಂಗಡಿಗಳು ಉಚಿತವಾಗಿ ಮಾಡಿಕೊಂಡಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಚೀಟಿಯಲ್ಲಿ, ಡಬ್ಬಿಯ ಮೇಲೆ ಆ ವಿಳಾಸ ಅಚ್ಚು ಹಾಕಿಸಿದ್ದವರ ಪಾಡು ಯೋಚಿಸಿ.

ಹಾಗಾಗಿ ಸಿದ್ಧ ಸಾಧನ ಬಳಸುವವರಿಗೆ ಒಂದೇ ಮಾತು ಗಟ್ಟಿಯಾಗಿ ಹೇಳುತ್ತೇನೆ: ಹೆಸರು ನಿಮ್ಮದೇ ಇರಲಿ. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಆಗುತ್ತದೆ. ಮೊದಲ ವರ್ಷ ತೀರ ಕಡಿಮೆ ಬೆಲೆ ತೋರಿಸಿದರೆ, ಎರಡನೇ ವರ್ಷದ ಬೆಲೆ ಎಷ್ಟೆಂದು ನೋಡಿಯೇ ಕೊಳ್ಳಿ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಎಂದು ಮುಗಿಯುವ ಹೆಸರೂ ಸಿಗುತ್ತದೆ. ನೋಡಲು ಸಂತೋಷ. ಆದರೆ ಡಬ್ಬಿಯ ಮೇಲೆ ನೋಡಿ ಟೈಪ್ ಮಾಡುವ ಪುಣೆಯ ಗಿರಾಕಿಗೆ ಕನ್ನಡ ಕೀಬೋರ್ಡ್ ಇರುವುದಿಲ್ಲ, ಆದ್ದರಿಂದ ಅದನ್ನು ಎರಡನೇ ಹೆಸರಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ವಂತ ಹೆಸರು ಇದ್ದರೆ ಒಳಗಿನ ಸಾಧನ ಯಾವತ್ತಾದರೂ ಬದಲಾಯಿಸಬಹುದು. ಗಿರಾಕಿಗಳಿಗೆ ಅದು ಗೊತ್ತೇ ಆಗುವುದಿಲ್ಲ.

ನಡುವಿನ ದಾರಿ: ವರ್ಡ್‌ಪ್ರೆಸ್, ಬ್ಲಾಗರ್

2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಮೇಲೆ ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ನಡೆಯುತ್ತಿವೆ. ಹೊಸಬರು ಇಲ್ಲಿ ಒಂದು ಕಡೆ ಗೊಂದಲ ಪಡುತ್ತಾರೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ಉಚಿತ ತಂತ್ರಾಂಶ. ಅದನ್ನು ನೀವೇ ಒಂದು ಸರ್ವರ್ ಬಾಡಿಗೆಗೆ ಹಿಡಿದು ಹಾಕಿಕೊಳ್ಳಬೇಕು. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಆ ತಂತ್ರಾಂಶವನ್ನು ನಿಮಗಾಗಿ ನಡೆಸಿಕೊಡುವ ಕಂಪನಿಯ ಸೇವೆ. ಹೆಸರು ಒಂದೇ, ಹೊಣೆ ಬೇರೆ.

ಕೈಯಾರೆ ಬರೆದ ಪುಟಕ್ಕೂ ಇದಕ್ಕೂ ಒಳಗೆ ಒಂದು ವ್ಯತ್ಯಾಸ ಇದೆ. ಕೈಯಾರೆ ಬರೆದ ಪುಟ ಜಾಡಿಯಲ್ಲಿಟ್ಟ ಉಪ್ಪಿನಕಾಯಿ. ಮೊದಲೇ ತಯಾರಾಗಿರುತ್ತದೆ, ಕೇಳಿದರೆ ತೆಗೆದು ಕೊಡುವುದಷ್ಟೇ. ವರ್ಡ್‌ಪ್ರೆಸ್ ಕಾವಲಿಯ ಮೇಲಿನ ದೋಸೆ. ಯಾರಾದರೂ ಪುಟ ಕೇಳಿದಾಗ ಸರ್ವರಿನಲ್ಲಿ ಪಿಎಚ್‌ಪಿ ಎಂಬ ಭಾಷೆಯ ಪ್ರೋಗ್ರಾಂ ಓಡಿ, ಡೇಟಾಬೇಸಿನಿಂದ ಬರಹ ತೆಗೆದು, ಆಗಲೇ ಪುಟ ಹೊಯ್ದು ಕೊಡುತ್ತದೆ. ದಿನಾ ಹೊಸ ಬರಹ ಹಾಕುವವರಿಗೆ, ನಾಲ್ಕು ಜನ ಸೇರಿ ಬರೆಯುವ ತಂಡಕ್ಕೆ, ಹಳೆಯ ಬರಹ ಹುಡುಕಲು ಸಿಗಬೇಕು ಎನ್ನುವವರಿಗೆ ಇದು ತುಂಬ ಅನುಕೂಲ. ಆದರೆ ಕಾವಲಿಯನ್ನು ಉಜ್ಜುತ್ತಿರಬೇಕು. ತಂತ್ರಾಂಶ, ಥೀಮ್ (ಪುಟದ ಅಂದದ ಮಾದರಿ), ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ತುಣುಕು) ಎಲ್ಲವನ್ನೂ ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು. ವರ್ಷಗಟ್ಟಲೆ ಬಿಟ್ಟರೆ ಯಾರೋ ಒಳಗೆ ನುಗ್ಗುತ್ತಾರೆ. ನನಗೆ ಗೊತ್ತಿರುವ ಒಂದು ಸಂಘದ ತಾಣಕ್ಕೆ ಹೀಗೇ ಆಯಿತು. ನಾಟಕದ ಫೋಟೊಗಳಿದ್ದ ಜಾಗದಲ್ಲಿ ಔಷಧಿ ಮಾರುವ ಜಾಹೀರಾತು ಬಂದು ಕೂತಿತ್ತು. ಹಳೆಯ ಪ್ರತಿ ಯಾರ ಬಳಿಯೂ ಇರಲಿಲ್ಲ. ಹನ್ನೆರಡು ವರ್ಷದ ಫೋಟೊಗಳು ಹೋದದ್ದು ನನಗೆ ಈಗಲೂ ಸಂಕಟ.

ಬರೀ ಬರೆಯಬೇಕು, ಕಥೆಯೋ ಪ್ರವಾಸವೋ ಅಡುಗೆಯೋ, ಬೇರೇನೂ ಬೇಡ ಎನ್ನುವವರಿಗೆ ಬ್ಲಾಗರ್ ಇವತ್ತಿಗೂ ಸಾಕು. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್ ಕೈಗೆ ಬಂದ ಸೇವೆ ಅದು. ನಮ್ಮ ಎಷ್ಟೋ ಕನ್ನಡ ಬ್ಲಾಗುಗಳು ಅಲ್ಲೇ ಹುಟ್ಟಿದವು. ಬರಹವನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಬಹುದು, ಥೀಮಿನ ಎಚ್‌ಟಿಎಂಎಲ್ ತೆರೆದು ತಿದ್ದಬಹುದು. ಕಲಿಯುವ ಆಸೆ ಸ್ವಲ್ಪ ಇರುವ ಬರಹಗಾರರಿಗೆ ಈ ಕಿಟಕಿ ನನಗೆ ಬಹಳ ಇಷ್ಟ.

ಎಐ ಬರೆದುಕೊಟ್ಟರೆ ಆಗದಾ?

ಆಗುತ್ತದೆ. "ಉಪ್ಪಿನಕಾಯಿ ಅಂಗಡಿಗೆ ಒಂದು ಪುಟ ಮಾಡಿಕೊಡು" ಎಂದರೆ ಚಾಟ್‌ಬಾಟ್ ನಿಮಿಷದಲ್ಲಿ ಎಚ್‌ಟಿಎಂಎಲ್ ಸುರಿಯುತ್ತದೆ. ಅದನ್ನು ಓದಲು ಬರುವವರಿಗೆ ಇದು ಒಳ್ಳೆಯ ಸಹಾಯಕ. ಓದಲು ಬಾರದವರಿಗೆ ಮೊದಲ ತೊಂದರೆ ಬರುವ ತನಕ ಮಾತ್ರ. ಜೊತೆಗೆ ನೀವು ಹೇಳದ ಬೆಲೆ, ಇಲ್ಲದ ಫೋನ್ ನಂಬರ್ ಅದು ತಾನೇ ತುಂಬಿಬಿಡಬಹುದು, ಪ್ರತಿ ಸಾಲು ನೋಡಬೇಕು.

ಕಲಿಯುವವರಿಗೆ ನನ್ನ ಸಲಹೆ ಬೇರೆ. ಬರೆಯುವ ಕೆಲಸ ಅದಕ್ಕೆ ಕೊಡಬೇಡಿ, ವಿವರಿಸುವ ಕೆಲಸ ಕೊಡಿ. "ನನ್ನ ಪಟ್ಟಿ ಯಾಕೆ ಬಲಕ್ಕೆ ಸರಿದಿದೆ, ಕನ್ನಡದಲ್ಲಿ ಹೇಳು" ಎಂದು ಕೇಳಿ. ಪಾಠಕ್ಕೆ ಎಂಡಿಎನ್, ಡಬ್ಲ್ಯೂ3ಸ್ಕೂಲ್ಸ್, ಫ್ರೀಕೋಡ್‌ಕ್ಯಾಂಪ್ ಇವೆ. ಮೂರರಲ್ಲೂ ಪಾಠ ಉಚಿತ, ಆದರೆ ಇಂಗ್ಲಿಷ್‌ನಲ್ಲಿ. ಅಲ್ಲಿ ತಡೆದಾಗ ಕನ್ನಡದಲ್ಲಿ ಅನುಮಾನ ಕೇಳಲು ಒಂದು ಜೊತೆ ಸಿಕ್ಕಿದೆಯಲ್ಲ, ಅದನ್ನು ಬಳಸಿಕೊಳ್ಳಬೇಕು.

ಕೋಚಿಂಗ್ ಸೆಂಟರಿಗೆ ಹಣ ಕಟ್ಟುವ ಮೊದಲು ಪಠ್ಯದ ಮೊದಲ ತಿಂಗಳು ಏನಿದೆ ನೋಡಿ. ನೇರವಾಗಿ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಾಧನದಿಂದ ಶುರು ಮಾಡಿದರೆ ಬೇಡ. ಎಚ್‌ಟಿಎಂಎಲ್‌ಗೆ ಎರಡು ವಾರ, ಸಿಎಸ್ಎಸ್‌ಗೆ ಒಂದೆರಡು ತಿಂಗಳು, ಆಮೇಲೆ ಜಾವಾಸ್ಕ್ರಿಪ್ಟ್. ದಿನಕ್ಕೆ ಒಂದು ಗಂಟೆ ಕೂತರೂ ಈ ಲೆಕ್ಕ ಸಾಗುತ್ತದೆ. ರಿಯಾಕ್ಟ್ ಅದಾದ ಮೇಲೆ.

ಬೇರೆಯವರ ಕೈಲಿ ಮಾಡಿಸುವುದಾದರೆ

ಇದೂ ಒಂದು ಆಯ್ಕೆ, ತಪ್ಪೇನಿಲ್ಲ. ಒಂದೇ ವಿಷಯ ಬರೆಸಿಕೊಳ್ಳಿ: ಡೊಮೇನ್ ಹೆಸರು ನಿಮ್ಮ ಇಮೇಲಿನಲ್ಲಿ, ನಿಮ್ಮ ಹೆಸರಿನಲ್ಲಿ ನೋಂದಣಿ ಆಗಬೇಕು. ನಮ್ಮ ನೆಂಟರೊಬ್ಬರ ಹೋಮ್‌ಸ್ಟೇಗೆ ತಾಣ ಮಾಡಿಕೊಟ್ಟವರು ಹೆಸರನ್ನು ತಮ್ಮ ಖಾತೆಯಲ್ಲೇ ಇಟ್ಟುಕೊಂಡಿದ್ದರು. ಎರಡು ವರ್ಷದ ಮೇಲೆ ಅವರ ಫೋನು ಸಿಗಲಿಲ್ಲ. ನವೀಕರಣದ ದಿನ ದಾಟಿತು, ಹೆಸರು ಬೇರೆಯವರ ಪಾಲಾಯಿತು. ಬೋರ್ಡು, ವಿಸಿಟಿಂಗ್ ಕಾರ್ಡು ಎಲ್ಲ ಮತ್ತೆ ಮಾಡಿಸಬೇಕಾಯಿತು. ಪಾಸ್‌ವರ್ಡ್‌ಗಳನ್ನು ಕೆಲಸ ಮುಗಿದ ದಿನವೇ ಪಡೆದು, ಒಂದು ಪುಸ್ತಕದಲ್ಲಿ ಬರೆದು, ಪಹಣಿ ಪತ್ರ ಇಡುವ ಜಾಗದಲ್ಲೇ ಇಡಿ.

ಆ ಮನೆಯಲ್ಲಿ ಏನು ಮಾಡಿದೆವು

ಚಿಕ್ಕಮ್ಮನಿಗೆ ಗೂಗಲ್ ಸೈಟ್ಸ್ ಆರಿಸಿದೆವು, ಜೊತೆಗೆ ಸ್ವಂತ ಡಾಟ್ ಇನ್ ಹೆಸರು. ಒಂದೇ ಪುಟ. ಆರು ಫೋಟೊ, ಉಪ್ಪಿನಕಾಯಿಗಳ ಹೆಸರು, ಕಿಲೋ ಮತ್ತು ಅರ್ಧ ಕಿಲೋ ಬೆಲೆ, ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ನೋಂದಣಿ ಸಂಖ್ಯೆ. ಕೊಳ್ಳುವ ಗುಂಡಿಯ ಬದಲು ವಾಟ್ಸಾಪ್ ಕೊಂಡಿ. ಒತ್ತಿದರೆ ನೇರ ಚಿಕ್ಕಮ್ಮನ ಚಾಟ್ ತೆರೆಯುತ್ತದೆ. ಆನ್‌ಲೈನ್ ಅಂಗಡಿಯ ಪೂರ್ತಿ ವ್ಯವಸ್ಥೆ ಅವರಿಗೆ ಬೇಕಿರಲಿಲ್ಲ. ವರ್ಷಕ್ಕೆ ಸಿಗುವ ಮಿಡಿಯೇ ಇಷ್ಟು, ಗಿರಾಕಿಗಳ ಜೊತೆ ಮಾತಾಡಿಯೇ ಮಾರುವುದು ಅವರಿಗೆ ಇಷ್ಟ.

ಹುಡುಗನಿಗೆ ನೋಟ್‌ಪ್ಯಾಡ್ ತೆರೆದು ಕೊಟ್ಟೆ. ಅಪ್ಪೆಮಿಡಿಯ ಬಗ್ಗೆ ಅವನಿಗೆ ಗೊತ್ತಿರುವುದನ್ನೇ ಬರೆಯಲು ಹೇಳಿದೆ. ಯಾವ ಮರದ್ದು ಹುಳಿ ಜಾಸ್ತಿ, ಯಾವುದರ ಸೊನೆಗೆ ಜೀರಿಗೆ ಪರಿಮಳ, ಕೊಯ್ಯುವಾಗ ತೊಟ್ಟು ಎಷ್ಟು ಬಿಡಬೇಕು. ಅಜ್ಜನನ್ನು ಕೇಳಿ ಕೇಳಿ ಬರೆದ. ಮೂರು ದಿನದಲ್ಲಿ ಹನ್ನೊಂದು ಟ್ಯಾಗ್ ಬಳಸಿ ಒಂದು ಪುಟ ಆಯಿತು. ಬಣ್ಣ ಇಲ್ಲ, ಅಲಂಕಾರ ಇಲ್ಲ. ನಿಯೋಸಿಟೀಸ್‌ನಲ್ಲಿ ಏರಿಸಿ, ಕೊಂಡಿಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ.

ದೀಪಾವಳಿಗೆ ಮತ್ತೆ ಹೋದಾಗ ಅವನು ಲ್ಯಾಪ್‌ಟಾಪಿನಲ್ಲಿ ಅಮ್ಮನ ಪುಟ ತೆರೆದು, ಕಂಟ್ರೋಲ್ ಮತ್ತು ಯು ಒತ್ತಿ, ಗೂಗಲ್ ಸೈಟ್ಸ್ ಒಳಗೆ ಹುಟ್ಟಿಸಿದ ಉದ್ದನೆಯ ಕೋಡನ್ನು ನೋಡುತ್ತ ಕೂತಿದ್ದ. "ಇಷ್ಟೆಲ್ಲ ಬೇಕಾಗಿಲ್ಲ, ನಾನು ಅರವತ್ತು ಸಾಲಲ್ಲಿ ಬರೀತೀನಿ" ಎಂದ. ವ್ಯಾಪಾರದ ಪುಟ ಇಡಲು ಬಿಡುವ ಜಾಗ ಯಾವುದು ಎಂದು ನಿಯಮಗಳನ್ನೂ ಓದಿಕೊಂಡಿದ್ದ. ಡೊಮೇನ್ ಹೆಸರು ಚಿಕ್ಕಮ್ಮನ ಕೈಯಲ್ಲೇ ಇದೆ. ಮುಂದಿನ ಮಿಡಿ ಬರುವ ಹೊತ್ತಿಗೆ ಅದನ್ನು ಅವನ ಪುಟದ ಕಡೆಗೆ ತಿರುಗಿಸುವುದು ಎಂದು ಅಮ್ಮ ಮಗ ಮಾತಾಡಿಕೊಂಡಿದ್ದಾರೆ.